ಯಾರ್ಯಾರೋ ಬರ್ತಾರೆ, ಹೋಗ್ತಾರೆ

ನಂಜುಂಡ, ನಿನಗೆ ಸಬ್ ಇನ್ಸ್‌ಪೆಕ್ಟರ್ ಕೆಲಸ ತಪ್ಪಿಸಿದವನು ನಾನು. ನಿನ್ನ ಡಿಗ್ರಿ ಅಲ್ಲ, ನಿನ್ನ ಹಣೆಬರಹವೂ ಅಲ್ಲ — ಪಕ್ಕದ ಮನೆಯ ಕನ್ನಡ ಮೇಷ್ಟ್ರು. ಇಷ್ಟನ್ನು ಬರೆಯುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು. ಮಕ್ಕಳು ಉತ್ತರಪತ್ರಿಕೆಯಲ್ಲಿ ಸುತ್ತಿ ಬಳಸಿ ಬರೆದರೆ ಕೆಂಪು ಶಾಯಿಯಲ್ಲಿ ಗೀಟೆಳೆದು ‘ವಿಷಯಕ್ಕೆ ಬಾ’ ಎಂದು ಬರೆಯುತ್ತಿದ್ದವನು ನಾನು. ನನ್ನ ಉತ್ತರವನ್ನು ತಿದ್ದುವವರು ಯಾರೂ ಇರಲಿಲ್ಲ, ಅದಕ್ಕೇ ಸುತ್ತುತ್ತಲೇ ಇದ್ದೆ.

ಈಗಲೂ ಬರೆಯುತ್ತಿದ್ದೆನೋ ಇಲ್ಲವೋ. ಮೊನ್ನೆ ಭಾನುವಾರ ನೀನು ಮೊಮ್ಮಗಳನ್ನು ಕರೆದುಕೊಂಡು ಮನೆಗೆ ಬಂದೆ. ಪಿಯುಸಿ ಮುಗಿದಿದೆ, ಅಪರಾಧಶಾಸ್ತ್ರ ಓದಿ ಪೊಲೀಸ್ ಅಧಿಕಾರಿ ಆಗ್ತೀನಿ ಅಂತ ಹಟ ಹಿಡಿದಿದ್ದಾಳೆ ಎಂದೆ. ಆಮೇಲೆ ನನ್ನ ಕಡೆ ತಿರುಗಿ, “ನೀವೇ ಹೇಳಿ ಮೇಷ್ಟ್ರೇ ಇವಳಿಗೆ. ಆ ಓದಿನಿಂದ ಪೊಲೀಸ್ ಕೆಲ್ಸ ಸಿಗಲ್ಲ ಅಂತ ನೀವು ಅವತ್ತೇ ಹೇಳಿದ್ರಿ. ನಾನು ಕೇಳ್ಲಿಲ್ಲ, ಅನುಭವಿಸ್ದೆ” ಎಂದೆ. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಹೌದಾ ತಾತ, ಉಪಯೋಗ ಇಲ್ವಾ ಎಂದು ಕೇಳಿದಳು. “ಯೋಚ್ನೆ ಮಾಡಿ ಹೇಳ್ತೀನಮ್ಮ” ಎಂದೆ ನಾನು. ಎಂಬತ್ತೇಳು ವರ್ಷದ ಮುದುಕ, ಇನ್ನೂ ಯೋಚನೆ ಮಾಡುತ್ತಾನಂತೆ! ನೀವು ಹೋದ ಮೇಲೆ ನನ್ನ ಮೇಲೆ ನನಗೇ ಎಷ್ಟು ರೇಗಿತು ಎಂದರೆ, ಕುಡಿಯುತ್ತಿದ್ದ ಕಾಫಿಯನ್ನು ಹಾಗೇ ಸಿಂಕಿಗೆ ಸುರಿದೆ.

ನಮ್ಮ ರಾಜಾಜಿನಗರದ ವಠಾರ ನಿನಗೆ ನೆನಪಿದೆ, ಆದರೆ ನಾನು ನೋಡಿದ ಹಾಗೆ ನೀನು ನೋಡಿರಲಿಕ್ಕಿಲ್ಲ. ಐದು ಮನೆ, ಒಂದು ನಲ್ಲಿ, ಒಂದು ತಾರಸಿ. ನೀನು ದೂರದ ಊರಿನ ಕಾಲೇಜಿನಲ್ಲಿ ಮೂರು ವರ್ಷ ಹಾಸ್ಟೆಲಿನಲ್ಲಿದ್ದು ಬಿ.ಎ. ಮುಗಿಸಿ ಬಂದೆ — ಅಪರಾಧಶಾಸ್ತ್ರ. ಆ ಕಾಲಕ್ಕೆ ನಮ್ಮಲ್ಲಿ ಯಾರಿಗೂ ಆ ಹೆಸರೇ ಗೊತ್ತಿರಲಿಲ್ಲ. ನಿಮ್ಮ ತಾಯಿ ಪುಟ್ಟಮ್ಮನವರು ನಲ್ಲಿಯ ಹತ್ತಿರ “ನಮ್ ನಂಜುಂಡ ಕ್ರಿಮಿನಲ್ ಓದ್ಕೊಂಡ್ ಬಂದವ್ನೆ” ಎಂದು ಹೆಮ್ಮೆಯಿಂದ ಹೇಳಿ ಹೆಂಗಸರನ್ನೆಲ್ಲ ಗಾಬರಿಪಡಿಸಿದ್ದರು. ಅಂದಿನಿಂದ ವಠಾರದಲ್ಲಿ ಒಂದೇ ಚರ್ಚೆ: ಈ ಡಿಗ್ರಿಯಿಂದ ಪೊಲೀಸ್ ಆಗಬಹುದೋ ಇಲ್ಲವೋ? ಬೆಳಿಗ್ಗೆ ನೀರು ಹಿಡಿಯುವಾಗ ಅದೇ, ಸಂಜೆ ಜಗಲಿಯ ಮೇಲೆ ಅದೇ. ನನಗೆ ತಲೆ ಚಿಟ್ಟು ಹಿಡಿದಿತ್ತು. “ಎತ್ತರ ಅಳೀತಾರೆ, ಎದೆ ಅಳೀತಾರೆ, ಓಡಿಸ್ತಾರೆ. ಡಿಗ್ರಿ ಒಂದಿರ್ಬೇಕು, ಯಾವ್ದಾದ್ರೇನು? ಈ ಓದು ದಂಡ ಕಣೋ” ಎಂದು ನಾನು ಒಂದೇ ಮಾತಿನಲ್ಲಿ ಮುಗಿಸಿದ್ದೆ. ನಿನಗೆ ಬೇಸರವಾಗಲಿಲ್ಲ. ನಕ್ಕೆ. “ನೋಡ್ತಾ ಇರಿ ಮೇಷ್ಟ್ರೇ” ಎಂದೆ. ಆ ನಗು ನನಗೆ ಹಿಡಿಸುತ್ತಿರಲಿಲ್ಲ — ಯಾಕೆ ಹಿಡಿಸುತ್ತಿರಲಿಲ್ಲ ಎಂದು ಆಗ ಕೇಳಿಕೊಳ್ಳಲಿಲ್ಲ.

ಆಮೇಲೆ ನಿನ್ನ ಬೆರಳಚ್ಚಿನ ಹುಚ್ಚು. ಅಭ್ಯಾಸ ಬೇಕು ಎಂದು ವಠಾರದವರನ್ನೆಲ್ಲ ಸಾಲಾಗಿ ಕೂರಿಸಿ ಹತ್ತೂ ಬೆರಳಿಗೆ ಮಸಿ ಹಚ್ಚಿ ಕಾಗದದ ಮೇಲೆ ಒತ್ತಿಸಿಕೊಂಡೆ. ಮಸಿಯ ಡಬ್ಬಿ ತಂದುಕೊಟ್ಟವನು ನಾನೇ, ನಮ್ಮ ಶಾಲೆಯ ಆಫೀಸಿನಿಂದ. “ಮಸಿ ಬಳಿಯೋಕೆ ಮೂರು ವರ್ಷ ಓದ್ಬೇಕೇನೋ?” ಎಂದು ಕಿಚಾಯಿಸುತ್ತಲೇ ನನ್ನ ಬೆರಳನ್ನೂ ಕೊಟ್ಟೆ.

ಇನ್ನು ನಿಂಬೆಕಾಯಿಯ ವಿಷಯ. ಇದನ್ನು ಬರೆಯಲು ಈಗಲೂ ನಾಚಿಕೆ — ನಿನ್ನ ಬದುಕನ್ನು ಕೆಡಿಸಿದ್ದನ್ನು ಬರೆಯುವುದಕ್ಕಿಂತ ಇದಕ್ಕೆ ಹೆಚ್ಚು ನಾಚಿಕೆ, ನೋಡು ನನ್ನ ಬುದ್ಧಿ. ಡಾಕ್ಟರು ರಕ್ತದೊತ್ತಡ ಎಂದು ಹೇಳಿ ಉಪ್ಪು ಬಿಡಿಸಿದ್ದರು. ನನ್ನ ಹೆಂಡತಿ ಮನೆಯಲ್ಲಿ ಉಪ್ಪಿನಕಾಯಿ ಹಾಕುವುದನ್ನೇ ನಿಲ್ಲಿಸಿದ್ದಳು. ತಾರಸಿಯ ಮೇಲೆ ಪುಟ್ಟಮ್ಮನವರ ಗಾಜಿನ ಜಾಡಿ, ಉಪ್ಪಿಗೆ ಹಾಕಿದ ನಿಂಬೆಕಾಯಿ, ಬಿಸಿಲು. ನಾನು ಉತ್ತರಪತ್ರಿಕೆ ತಿದ್ದಲು ಅಲ್ಲೇ ಕೂರುತ್ತಿದ್ದೆ. ದಿನಕ್ಕೆ ಒಂದು ಹೋಳು, ಕೆಲವು ದಿನ ಎರಡು.

ಜಾಡಿ ಇಳಿಯುತ್ತಾ ಬಂತು. ಪುಟ್ಟಮ್ಮನವರು ಮಂಗ ಎಂದುಕೊಂಡರು. ನೀನು ಮಾತ್ರ ಒಂದು ಭಾನುವಾರ ಬೆಳಿಗ್ಗೆ, ವಠಾರದವರೆಲ್ಲ ನೋಡುತ್ತಿದ್ದಾಗ, ಜಾಡಿಗೆ ಮುಖದ ಪೌಡರ್ ಉದುರಿಸಿ, ಮೆತ್ತನೆಯ ಕುಂಚದಿಂದ ಸವರಿ, ಭೂತಗನ್ನಡಿ ಹಿಡಿದು, ನಿನ್ನ ಕಾಗದಗಳ ಕಟ್ಟನ್ನು ಬಿಚ್ಚಿ ಒಂದೊಂದೇ ಹೋಲಿಸಿದೆ. ನಿನಗೆ ಉತ್ತರ ಮೊದಲೇ ಗೊತ್ತಿರಲಿಲ್ಲ ಎಂದು ಈಗ ನಂಬುತ್ತೇನೆ. ಹೊಂದುವ ಹಾಳೆ ಕೈಗೆ ಬಂದಾಗ ನಿನ್ನ ಮುಖವೇ ಬಿಳಿಚಿಕೊಂಡಿತು, ನೀನು ಹೆಸರು ಹೇಳಲೇ ಇಲ್ಲ. ಆದರೆ ಹಾಳೆಯ ತಲೆಯ ಮೇಲೆ ನನ್ನ ಹೆಸರು ದೊಡ್ಡ ಅಕ್ಷರದಲ್ಲಿ ಬರೆದಿತ್ತಲ್ಲ, ಪಕ್ಕದಲ್ಲಿ ನಿಂತಿದ್ದವರು ಓದಿಬಿಟ್ಟರು. ಪುಟ್ಟಮ್ಮನವರು ಸೆರಗು ಬಾಯಿಗೆ ಹಿಡಿದುಕೊಂಡು “ಅಯ್ಯೋ, ಕೇಳಿದ್ರೆ ನಾನೇ ಕೊಡ್ತಿರ್ಲಿಲ್ವಾ ಮೇಷ್ಟ್ರೇ?” ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಒಂದು ಬಟ್ಟಲು ತುಂಬ ನಿಂಬೆಕಾಯಿ ತೆಗೆದು ನನ್ನ ಕೈಗೆ ಕೊಟ್ಟರು, ಎಲ್ಲರ ಎದುರಿಗೆ.

ವಾರದೊಳಗೆ ಶಾಲೆಯಲ್ಲಿ ನಾನು ‘ನಿಂಬೆ ಮೇಷ್ಟ್ರು’. ಕರಿಹಲಗೆಯ ಮೇಲೆ ದುಂಡಗೆ ಒಂದು ಚಿತ್ರ, ಅದಕ್ಕೊಂದು ಕನ್ನಡಕ. ನೀನು ಎರಡು ಸಲ ಕ್ಷಮೆ ಕೇಳಲು ಬಂದೆ, ನಾನು ಬಾಗಿಲು ತೆರೆಯಲಿಲ್ಲ.

ಅದೇ ವರ್ಷ ನೀನು ಸಬ್ ಇನ್ಸ್‌ಪೆಕ್ಟರ್ ಹುದ್ದೆಗೆ ಅರ್ಜಿ ಹಾಕಿ, ನಿಮ್ಮ ಮನೆಯ ಮುಂದಿನ ರೂಮಿನಲ್ಲಿ ಓದಲು ಕೂತೆ. ಬೆಳಗಾಗುವ ಮುಂಚೆ ಎದ್ದು ಅತ್ತಿಗುಪ್ಪೆಯ ಹೊಲಗಳ ತನಕ ಓಡಿ ಬರುತ್ತಿದ್ದೆ. ಓಟದಲ್ಲಿ ಗೆದ್ದೆ, ಬರವಣಿಗೆಯ ಪರೀಕ್ಷೆಯಲ್ಲಿ ಗೆದ್ದೆ. ಸಂದರ್ಶನದಿಂದ ಬಂದ ಮಧ್ಯಾಹ್ನ ವಠಾರದ ಬಾಗಿಲಲ್ಲೇ ನನ್ನನ್ನು ನಿಲ್ಲಿಸಿಕೊಂಡು, ನನ್ನ ಸಿಟ್ಟನ್ನೂ ಮರೆತು ಹೇಳಿದೆ: “ಬೆರಳಚ್ಚಿನ ಬಗ್ಗೇನೇ ಹದಿನೈದು ನಿಮಿಷ ಕೇಳಿದ್ರು ಮೇಷ್ಟ್ರೇ! ಇಂಥ ಓದು ಓದಿರೋ ಹುಡುಗ್ರು ಇಲಾಖೆಗೆ ಬೇಕು ಅಂದ್ರು ದೊಡ್ಡ ಸಾಹೇಬ್ರು.” ಇದನ್ನು ನೀನೇ ಹೇಳಿದ್ದು ನಂಜುಂಡ. ನಿನಗೇ ಮರೆತುಹೋಗಿದೆ, ನನಗೆ ಮರೆತಿಲ್ಲ. ಆ ಡಿಗ್ರಿ ನಿನ್ನ ಕೈ ಹಿಡಿದಿತ್ತು. ನನ್ನ ಮಾತು ಸುಳ್ಳಾಗಿತ್ತು — ಅದೂ ಸೇರಿ ನನ್ನ ಮೈಯೆಲ್ಲ ಉರಿಯಿತು.

ಉಳಿದದ್ದು ನಡತೆಯ ವಿಚಾರಣೆ ಮಾತ್ರ. ಠಾಣೆಯಿಂದ ವಯಸ್ಸಾದ ಒಬ್ಬ ದಫೇದಾರರು ಸೈಕಲ್ಲಿನಲ್ಲಿ ಬಂದರು. ಅಕ್ಕಪಕ್ಕದಲ್ಲಿ ಗೌರವಸ್ಥರು ಯಾರು ಎಂದು ಕೇಳಿದ್ದಕ್ಕೆ, ನೀನೇ ನನ್ನ ಮನೆ ತೋರಿಸಿದೆಯಂತೆ. ನೀನೇ! ಅವರು ಕುರ್ಚಿಯ ಮೇಲೆ ಕೂತು, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, “ಹುಡ್ಗ ಹೆಂಗೆ ಮೇಷ್ಟ್ರೇ? ತಮ್ಮ ಮಾತು ಒಂದಿದ್ರೆ ಸಾಕು” ಎಂದರು.

“ಓದಿದಾನೆ” ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

“ಆದ್ರೆ ರೂಮಿಗೆ ಯಾರ್ಯಾರೋ ಬರ್ತಾರೆ, ಹೋಗ್ತಾರೆ.”

ದಫೇದಾರರ ಪೆನ್ಸಿಲು ನಿಂತಿತು. ತುರ್ತು ಪರಿಸ್ಥಿತಿಯ ದಿನಗಳು. ಯಾರ ಮನೆಯಲ್ಲಿ ಯಾವ ಕರಪತ್ರ, ಯಾರು ಒಳಗೆ, ಯಾರು ತಲೆಮರೆಸಿಕೊಂಡಿದ್ದಾರೆ ಎಂದು ಜನ ಪಿಸುಮಾತಿನಲ್ಲಿ ಆಡುತ್ತಿದ್ದ ಕಾಲ. ನಾನು ಪತ್ರಿಕೆ ಓದುವವನು, ಆ ಮಾತಿನ ತೂಕ ನನಗೆ ಗೊತ್ತಿತ್ತು. “ಯಾರ್ಯಾರು ಅಂದ್ರೆ?” ಎಂದು ಕೇಳಿದರು. “ಅದು ನಮಗೆ ಹೇಗೆ ಗೊತ್ತಾಗ್ಬೇಕು ಸಾರ್” ಎಂದೆ. ಅವರು ಬರೆದುಕೊಂಡರು.

ನಾನು ಮೂವತ್ತು ವರ್ಷ ಮಕ್ಕಳಿಗೆ ವ್ಯಾಕರಣ ಹೇಳಿದವನು. ಮನೆಮನೆ, ದಿನದಿನ, ಯಾರ್ಯಾರು — ದ್ವಿರುಕ್ತಿ. ಕೊನೆಗೊಂದು ‘ಓ’ ಸೇರಿದರೆ ಹೇಳುವವನಿಗೆ ಗೊತ್ತಿಲ್ಲ ಎಂಬ ಅರ್ಥ. ಎಂಥ ಅನುಕೂಲದ ಪದ ನೋಡು! ಸುಳ್ಳು ಎಂದು ಯಾರೂ ಹಿಡಿಯುವಂತಿಲ್ಲ, ನಿಜವೂ ಅಲ್ಲ. ಸಿಟ್ಟಿನಲ್ಲಿ ಬಾಯಿ ತಪ್ಪಿ ಬಂತು ಎಂದು ಹೇಳಲಾರೆ. ನಾನು ಪದ ಆರಿಸಿದೆ.

ಅಷ್ಟಕ್ಕೇ ಮುಗಿದಿದ್ದರೆ ಒಂದು ಗಳಿಗೆಯ ಕೆಟ್ಟ ಬುದ್ಧಿ ಎನ್ನಬಹುದಿತ್ತು. ಮುಗಿಯಲಿಲ್ಲ. ಎರಡು ತಿಂಗಳ ಮೇಲೆ ಅದೇ ದಫೇದಾರರು ಹೋಟೆಲಿನಲ್ಲಿ ಸಿಕ್ಕರು. ತಾವಾಗಿಯೇ ನನ್ನ ಟೇಬಲ್ಲಿಗೆ ಬಂದು ಕೂತರು. “ಆ ಹುಡ್ಗನ ಫೈಲು ಮೇಲೆ ನಿಂತ್ಹೋಗದೆ ಮೇಷ್ಟ್ರೇ. ಯಾರ್ಯಾರು ಅಂತ ಕೇಳ್ತಾವ್ರೆ. ತಾವು ಠಾಣೆಗೆ ಬಂದು ನಾಲ್ಕು ಸಾಲು ಬರ್ದು ಸೈನ್ ಹಾಕ್ಕೊಡಿ, ಇಂಥಿಂಥೋರು ಬರ್ತಿದ್ರು, ಓದೋಕ್ ಬರ್ತಿದ್ರು ಅಂತ. ಎಲ್ಲಾ ಸರಿಹೋಗುತ್ತೆ” ಎಂದರು. ಒಳ್ಳೆಯ ಮನುಷ್ಯ. ಬಂದ ಕಾಫಿ ಆರುತ್ತಿದ್ದರೂ ಎರಡೆರಡು ಸಲ ಹೇಳಿದರು. “ಆಯ್ತು, ಬರ್ತೀನಿ” ಎಂದೆ.

ಹೋಗಲಿಲ್ಲ. ಮೊದಲ ವಾರ ಪರೀಕ್ಷೆಯ ಕೆಲಸ ಎಂದುಕೊಂಡೆ. ಎರಡನೆಯ ವಾರ ಠಾಣೆಯ ಮೆಟ್ಟಿಲು ಹತ್ತಿದರೆ ನನ್ನ ಹೆಸರೂ ಯಾವುದಾದರೂ ಪಟ್ಟಿಗೆ ಸೇರೀತು ಎಂದು ಹೆದರಿಕೆ. ಮೂರನೆಯ ವಾರ — ಮೂರನೆಯ ವಾರ ಏನೂ ಇರಲಿಲ್ಲ. ಬಿಡುವಿತ್ತು, ಠಾಣೆ ಎರಡು ಬೀದಿಯ ಆಚೆ. ನಾನು ತಾರಸಿಯ ಮೇಲೆ ಕೂತು ಪತ್ರಿಕೆ ತಿದ್ದುತ್ತಿದ್ದೆ.

‘ಆಯ್ಕೆಯಾಗಿಲ್ಲ’ ಎಂದು ಒಂದು ಕಾಗದ ಬಂತು, ಕಾರಣ ಬರೆದಿರಲಿಲ್ಲ. ನೀನು ಅದನ್ನು ಹಿಡಿದುಕೊಂಡು ನನ್ನ ಮನೆಗೇ ಬಂದೆ. ಆ ಸಲ ಬಾಗಿಲು ತೆರೆದೆ. “ಯಾಕೆ ಹೀಗಾಯ್ತು ಮೇಷ್ಟ್ರೇ? ಎಲ್ಲಾ ಚೆನ್ನಾಗ್ ಆಗಿತ್ತಲ್ಲ” ಎಂದೆ. ನಿನ್ನ ಕಣ್ಣು ಕೆಂಪಾಗಿತ್ತು. ನಾನು ಆ ಕಾಗದವನ್ನು ತಿರುಗಿಸಿ ನೋಡಿ, ಮಡಚಿ ನಿನ್ನ ಕೈಗೆ ಕೊಟ್ಟು ಹೇಳಿದೆ:

“ನಾನು ಮೊದ್ಲೇ ಹೇಳಿರ್ಲಿಲ್ವೇನೋ, ಆ ಓದು ದಂಡ ಅಂತ?”

ಕೆಲಸ ಕಿತ್ತುಕೊಂಡದ್ದು ಒಂದು ತಪ್ಪಾದರೆ, ಇದು ಅದಕ್ಕಿಂತ ದೊಡ್ಡದು ಎಂದು ಈಗ ತೋರುತ್ತದೆ. ನೀನು ನಂಬಿದೆ. ಮಾರನೆಯ ದಿನ ನಿನ್ನ ಪುಸ್ತಕಗಳನ್ನೆಲ್ಲ ಹಳೇ ಪೇಪರಿನವನಿಗೆ ಹಾಕಿದೆ, ಬೆರಳಚ್ಚಿನ ಹಾಳೆಗಳ ಕಟ್ಟನ್ನೂ. ಕೈಗಾರಿಕಾ ಬಡಾವಣೆಯ ಕಾರ್ಖಾನೆಯೊಂದರ ಗೇಟಿನಲ್ಲಿ ಟೈಂ ಕೀಪರ್ ಆದೆ. ಯಾರು ಎಷ್ಟು ಹೊತ್ತಿಗೆ ಬಂದರು, ಯಾರು ಎಷ್ಟು ಹೊತ್ತಿಗೆ ಹೋದರು — ಬದುಕಿಡೀ ಅದನ್ನೇ ಬರೆದೆ, ಒಬ್ಬೊಬ್ಬರದೂ ಹೆಸರು ಹಾಕಿ. ನಿವೃತ್ತಿಯ ದಿನ ನನಗೆ ಸಿಹಿ ತಂದುಕೊಟ್ಟು ಕಾಲಿಗೆ ಬಿದ್ದೆ. ನಾನು ತಲೆಯ ಮೇಲೆ ಕೈ ಇಟ್ಟೆ! ನನ್ನ ಕೈ ಹೇಗೆ ಮೇಲಕ್ಕೆ ಬಂತು ಎಂದು ನನಗೆ ಇವತ್ತಿಗೂ ತಿಳಿಯುವುದಿಲ್ಲ. ನನ್ನ ಹೆಂಡತಿಗೂ ಅವಳು ಸಾಯುವವರೆಗೆ ಇದನ್ನು ಹೇಳಲಿಲ್ಲ. ಪುಟ್ಟಮ್ಮನವರು ಕಡೆಯವರೆಗೂ ಪ್ರತಿ ವರ್ಷ ಒಂದು ಸಣ್ಣ ಜಾಡಿ ನಿಂಬೆಕಾಯಿಯನ್ನು ಉಪ್ಪು ಕಡಿಮೆ ಹಾಕಿ ನನಗೆಂದೇ ಮಾಡಿ ಕಳಿಸುತ್ತಿದ್ದರು. ಅದನ್ನೂ ತಿಂದೆ.

ಆ ಓದಿನಿಂದ ಉಪಯೋಗವಿಲ್ಲ ಎಂದು ನೀನು ಇನ್ನೆಷ್ಟು ಹುಡುಗರಿಗೆ ಹೇಳಿದ್ದೀಯೋ — ನನಗೆ ಕೇಳುವ ಧೈರ್ಯವಿಲ್ಲ. ಮೊಮ್ಮಗಳಿಗೆ ಮಾತ್ರ ಹೇಳಬೇಡ.

ನಾಳೆ ಬೆಳಿಗ್ಗೆ ನಿನ್ನ ಮನೆಗೆ ಬರುತ್ತೇನೆ. ಮೊದಲು ಅವಳಿಗೆ ಉತ್ತರ ಹೇಳುತ್ತೇನೆ: ಆ ಓದಿನಿಂದ ಉಪಯೋಗ ಆಗುತ್ತಮ್ಮ, ನಿಮ್ಮ ತಾತನಿಗೆ ಆಗಿತ್ತು. ಆಮೇಲೆ ಈ ಕಾಗದವನ್ನು ನಿನ್ನ ಕೈಗೆ ಕೊಡುತ್ತೇನೆ. ಓದಿದ ಮೇಲೆ ನೀನು ಎದ್ದು ಒಳಗೆ ಹೋದರೆ ನಾನು ಕರೆಯುವುದಿಲ್ಲ. ಕ್ಷಮಿಸು ಎಂದು ಕೇಳುವುದೂ ಇಲ್ಲ — ನೀನು ಎರಡು ಸಲ ಕೇಳಿದಾಗ ನಾನು ಬಾಗಿಲು ತೆರೆದಿರಲಿಲ್ಲ.

ಅವತ್ತು ಠಾಣೆಯಲ್ಲಿ ಬರೆದುಕೊಡಬೇಕಿದ್ದ ನಾಲ್ಕು ಸಾಲನ್ನು ಇಲ್ಲಿ ಬರೆದು ಸಹಿ ಹಾಕುತ್ತಿದ್ದೇನೆ. ನಂಜುಂಡನ ರೂಮಿಗೆ ಬರುತ್ತಿದ್ದವರು ಮೂರು ಜನ. ಕೆಂಗೇರಿಯಿಂದ ರೈಲಿನಲ್ಲಿ ಬರುತ್ತಿದ್ದ ಅವನ ಸೋದರಮಾವನ ಮಗ ಚಿಕ್ಕಣ್ಣ, ಅವನ ಜೊತೆಗಾರ ರಾಮಚಂದ್ರ, ಅತ್ತಿಗುಪ್ಪೆಯ ಬಸವರಾಜು. ಪರೀಕ್ಷೆಗೆ ಒಟ್ಟಿಗೆ ಓದಿಕೊಳ್ಳಲು ಬರುತ್ತಿದ್ದರು. ಬಸವರಾಜು ನನ್ನ ಶಿಷ್ಯ, ಬಂದಾಗಲೆಲ್ಲ ನನಗೆ ನಮಸ್ಕಾರ ಹೇಳಿಯೇ ಒಳಗೆ ಹೋಗುತ್ತಿದ್ದ. ಮೂವರ ಹೆಸರೂ ನನಗೆ ಅವತ್ತೇ ಗೊತ್ತಿತ್ತು.