ಬೇರೆ ಮಂದೆಯ ಫೋನು

ನನ್ನ ಅಡುಗೆಮನೆಯ ಕಿಟಕಿಯಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿಯೊಂದಿದೆ. ಅದರೊಳಗೆ ನಮ್ಮ ಕೇರಿಯ ಇಂಗ್ಲಿಷ್ ಇದೆ. ಮಿಕ್ಸಿಯ ಗ್ಯಾರಂಟಿ ಚೀಟಿ, ತೆಂಗಿಗೆ ಹೊಡೆಯುವ ಔಷಧದ ಕಾಗದ, ಯಾರದೋ ಕಣ್ಣಿನ ಹನಿಯ ಜೊತೆ ಬಂದ ಇರುವೆ ಸಾಲಿನಂಥ ಅಕ್ಷರಗಳು, ಇವನ್ನೆಲ್ಲ ತಂದುಕೊಟ್ಟು, “ಪುರುಸೊತ್ತಾದಾಗ ಓದಿ ಹೇಳ್ರಿ” ಎಂದು ಹಿರಿಯೂರಿನ ನನ್ನ ನೆರೆಹೊರೆಯವರು ನಿಶ್ಚಿಂತೆಯಿಂದ ಹೊರಟುಹೋಗುತ್ತಾರೆ. ಕಾನ್ವೆಂಟಿನಲ್ಲಿ ಓದಿದವಳಿಗೆ ಇಂಗ್ಲಿಷಿನಲ್ಲಿರುವುದೆಲ್ಲ ತಿಳಿಯುತ್ತದೆಂಬುದು ಅವರ ನಂಬಿಕೆ. ನಿಮ್ಮೆದುರು ಮುಚ್ಚಿಡುವುದೇಕೆ, ಅಲ್ಲಿನ ಸಿಸ್ಟರುಗಳು ನನಗೆ ಕಲಿಸಿದ್ದು ನಾನೆಂದೂ ಕಾಣದ ಹೂಗಳ ಹೆಸರುಗಳನ್ನು, ಕರವಸ್ತ್ರದ ಅಂಚಿಗೆ ಹಾಕುವ ಹೊಲಿಗೆಯನ್ನು, ಮತ್ತು ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ವಿನಯದಿಂದ ಹೇಳುವ ಬಗೆಯನ್ನು. ಮೂರನೆಯದನ್ನು ನಾನು ಬಳಸಿದ್ದು ಕಡಿಮೆ.

ಒಂದು ಮಂಗಳವಾರ ಕುರಿಗಾರ ಕರಿಯಪ್ಪನೂ ಅವನ ಹೆಂಡತಿ ರಂಗಮ್ಮನೂ ಬಂದು ಜಗಲಿಯ ಮೇಲೆ ಕುಳಿತರು. ವರ್ಷಕ್ಕೊಮ್ಮೆ ನಮ್ಮ ತೆಂಗಿನ ತೋಟದಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸುವವರು ಅವರೇ. ರಂಗಮ್ಮ ಸೆರಗಿನ ಗಂಟು ಬಿಚ್ಚಿದಳು. ಒಳಗೆ ನುಣುಪಾದ ಕಪ್ಪು ಫೋನು. ಕಂಬಳಿ ನೇಯುವುದನ್ನು ನೋಡಲು ಹೊರದೇಶದಿಂದ ಬಂದು ಅವರ ಹಟ್ಟಿಯಲ್ಲಿ ತಿಂಗಳಿದ್ದ ಹೆಂಗಸೊಬ್ಬಳು ಹೋಗುವಾಗ ಕೊಟ್ಟದ್ದಂತೆ. ಬಸ್‌ ಸ್ಟ್ಯಾಂಡಿನ ಅಂಗಡಿಯವನು ಸಿಮ್ ಹಾಕಿ ನೋಡಿ, “ಇದು ಅವರ ದೇಶದ ಕಂಪನಿಗೇ ಕಟ್ಟಿರೋದೋ, ಎಲ್ಲಾ ಸಿಮ್ಮಿಗೂ ಬಿಟ್ಟಿರೋದೋ, ಮೊದ್ಲು ಅದನ್ನ ತಿಳ್ಕಳ್ರಿ. ಇಂಗ್ಲಿಷ್ ಅಮ್ಮಾರು ಇದಾರಲ್ಲ, ಕೇಳ್ರಿ” ಎಂದು ನನ್ನ ಕಡೆ ಅಟ್ಟಿದ್ದ.

“ಗುರುವಾರ ಕುರಿ ಹೊರಡ್ತವೆ ಅಮ್ಮಾರೆ. ಅಷ್ಟರೊಳಗೆ ಆಗ್ಬೇಕು” ಎಂದಳು ರಂಗಮ್ಮ.

ಅವಸರಕ್ಕೆ ಕಾರಣವಿತ್ತು. ಹೋದ ವರ್ಷ ಮಂದೆಯ ಜೊತೆ ದೂರ ಹೋದಾಗ ಕರಿಯಪ್ಪನ ಹಳೆಯ ಫೋನು ಕುರಿ ಕುಡಿಯುವ ನೀರಿನ ತೊಟ್ಟಿಗೆ ಬಿದ್ದು ಸತ್ತಿತು. ಆಮೇಲೆ ಅವನಿಗೆ ಜ್ವರ ಬಂತು. ಯಾರದೋ ತೋಟದಲ್ಲಿ ಒಂಬತ್ತು ದಿನ ಅವನು ಮಲಗಿದ್ದ ಸುದ್ದಿ ರಂಗಮ್ಮನಿಗೆ ತಲುಪಿದ್ದು ಅವನು ಎದ್ದು ಓಡಾಡತೊಡಗಿದ ಮೇಲೆ. ರಂಗಮ್ಮನ ಬಳಿ ಇರುವಂಥ ಬಟನ್ ಫೋನೊಂದನ್ನು ಅವನಿಗೂ ಕೊಳ್ಳಬಾರದೇ ಎಂದು ನೀವು ಕೇಳಬಹುದು, ನಾನೂ ಕೇಳಿದೆ. “ಕೊಟ್ಟಿದ್ದು ಕೈಯಾಗೆ ಇರುವಾಗ ಕೊಂಡ್ರೆ ಕೊಟ್ಟೋರಿಗೆ ಮರ್ಯಾದೆನಾ?” ಎಂದ ಕರಿಯಪ್ಪ. ಕಡಲಾಚೆಯ ಆ ಹೆಂಗಸಿಗೆ ಇದು ತಿಳಿಯುವ ಸಂಭವವೇ ಇಲ್ಲವೆಂಬುದು ಅವನ ದೃಷ್ಟಿಯಲ್ಲಿ ಗಣನೆಗೆ ಬಾರದ ಸಂಗತಿ.

ಪರೀಕ್ಷೆ ಆರಂಭವಾಯಿತು. ಸಿಮ್ಮಿನ ತಟ್ಟೆಯನ್ನು ಹೊರಕ್ಕೆ ತಳ್ಳುವ ಕಡ್ಡಿ ಇರಲಿಲ್ಲ. ರಂಗಮ್ಮ ಬಳೆಗೆ ಸಿಕ್ಕಿಸಿದ್ದ ಪಿನ್ನುಗಳ ಗೊಂಚಲಿನಿಂದ ಒಂದನ್ನು ಕಳಚಿಕೊಟ್ಟಳು. ಕರಿಯಪ್ಪನ ಸಿಮ್ ಹಾಕಿದೆ. ಈ ಸಿಮ್ ನಡೆಯದು ಎಂದಿತು ಫೋನು. ದೋಷ ಸಿಮ್ಮಿನದೂ ಇರಬಹುದಲ್ಲ ಎಂದು ಬೇರೆ ಕಂಪನಿಯ ನನ್ನ ಸಿಮ್ ಹಾಕಿದೆ, ಅದೂ ನಡೆಯದು. ಎದುರುಮನೆಯ ಪುಷ್ಪಕ್ಕ ಕೇಳದೆಯೇ ತನ್ನದನ್ನು ತಂದಳು. ಅವಳದೂ ನಡೆಯಲಿಲ್ಲವೆಂದು ತಿಳಿದಾಗ, ಸಂಬಂಧ ತಪ್ಪಿಹೋದ ಹೆಣ್ಣಿನ ಕಡೆಯವಳಂತೆ ಮುಖ ಸಣ್ಣದು ಮಾಡಿಕೊಂಡಳು.

ಕರಿಯಪ್ಪ ಮಾತ್ರ ಧೈರ್ಯಗೆಡಲಿಲ್ಲ. “ಬ್ಯಾರೆ ಮಂದೇದು ತಂದು ಬಿಟ್ರೆ ಮೊದ್ಲ ದಿನ ಹಿಂಗೇ ಅಮ್ಮಾರೆ, ಒಂದನ್ನೊಂದು ಸೇರಿಸಲ್ಲ. ನಮ್ಮ ಕುರಿ ವಾಸನೆ ತಗುಲ್ಲಿ, ತಾನೇ ಒಪ್ತೈತೆ.”

“ಅದು ಕುರಿ ಅಲ್ಲ ಕಣಪ್ಪ” ಎಂದಳು ರಂಗಮ್ಮ.

“ನೀನೂ ಬಂದ ಹೊಸದ್ರಾಗೆ ಒಪ್ಪಿರ್ಲಿಲ್ಲ” ಎಂದ ಅವನು, ಬಹಳ ಗಂಭೀರವಾಗಿ.

ಮರುದಿನ ಸಂಜೆ ಫೋನು ಮರಳಿ ಬಂದಾಗ ಉಣ್ಣೆ, ಹಿಕ್ಕೆ, ಹಸಿಹಾಲುಗಳ ಮಿಶ್ರಗಂಧ ಅದರಿಂದ ಸೂಸುತ್ತಿತ್ತು. ಇಡೀ ದಿನ ಕಂಬಳಿಯಲ್ಲಿ ಸುತ್ತಿ, ಮಂದೆಯ ಹಿರಿಯ ಕುರಿಯ ಮೈಗೆ ಉಜ್ಜಿ ತಂದಿದ್ದ ಕರಿಯಪ್ಪ. ವಿದ್ಯಾವಂತೆಯಾದ ನಾನು ನಗಬೇಕಿತ್ತು. ನಗಲಿಲ್ಲ, ಪಿನ್ನು ಚುಚ್ಚಿ, ಸಿಮ್ ಹಾಕಿ, ಒಳಗೊಳಗೇ ಆಸೆಯಿಂದ ಕಾದೆ. ಬಹಳ ಓದಿದವರೂ ಕೆಟ್ಟ ಟಿವಿಯ ತಲೆಗೊಂದು ಏಟು ಕೊಟ್ಟು ನೋಡುತ್ತಾರಲ್ಲವೇ? ಯಂತ್ರದ ಎದುರು ನಾವೆಲ್ಲರೂ ಒಂದಲ್ಲ ಒಂದು ಬಗೆಯ ಕುರಿ ಉಜ್ಜುವವರೇ. ಫೋನು ಒಪ್ಪಲಿಲ್ಲ.

ಆಗ, ಮೊದಲೇ ಮಾಡಬೇಕಿದ್ದುದನ್ನು ಕೊನೆಗೆ ಮಾಡಿದೆ. ಸೆಟ್ಟಿಂಗ್ಸಿನೊಳಗೆ ಹೊಕ್ಕು, ಫೋನು ತನ್ನ ಜಾತಕ ಬರೆದುಕೊಂಡಿರುವ ಪುಟದ ತಳಕ್ಕೆ ಇಳಿದರೆ, ಸಿಮ್‌ಗೆ ನಿರ್ಬಂಧವಿದೆ ಎಂಬ ಒಂದೇ ಸಾಲು ಯಾವ ಸಂಕೋಚವೂ ಇಲ್ಲದೆ ಕುಳಿತಿತ್ತು. ಮೂರು ಸಿಮ್ಮು, ಒಂದು ಪಿನ್ನು, ಇನ್ನೂರು ಕುರಿಗಳನ್ನು ದಣಿಸಿ ನಾವು ಹುಡುಕಿದ ಉತ್ತರ ಮೊದಲಿನಿಂದಲೂ ಅದರ ಹೊಟ್ಟೆಯಲ್ಲೇ ಇತ್ತು. ಕಟ್ಟು ಬಿಚ್ಚಬೇಕಾದದ್ದು ಆ ದೇಶದ ಕಂಪನಿ, ಅದೂ ಕೊಂಡವಳೇ ಕೇಳಿದರೆ. ಫೋನಿನ ಜೊತೆ ಆಕೆ ರಂಗಮ್ಮನಿಗೆ ಕೊಟ್ಟುಹೋಗಿದ್ದ ಚೀಟಿಯಲ್ಲಿನ ಇಮೇಲಿಗೆ, ನೀವು ಆರೋಗ್ಯವಾಗಿರುವಿರೆಂದು ನಂಬಿರುತ್ತೇನೆ ಎಂದು ಮೊದಲುಗೊಂಡು, ಸಿಸ್ಟರುಗಳು ಮೆಚ್ಚುವಂಥ ದೀರ್ಘ ಪತ್ರ ಬರೆದೆ.

ಗುರುವಾರ ಬಂತು; ಉತ್ತರ ಬರಲಿಲ್ಲ. ಅಣ್ಣತಮ್ಮಂದಿರ ಮಂದೆಗಳೆಲ್ಲ ಒಟ್ಟಿಗೆ ಹೊರಡುವುದು ವಾಡಿಕೆ, ಒಂದು ಫೋನಿಗಾಗಿ ಅವು ನಿಲ್ಲುವುದಿಲ್ಲ. ಕರಿಯಪ್ಪ ಸಿಮ್ಮನ್ನು ಎಲೆಅಡಿಕೆ ಸಂಚಿಯಲ್ಲಿಟ್ಟುಕೊಂಡು ಹೊರಟ. ರಂಗಮ್ಮ ಫೋನನ್ನು ನಮ್ಮ ಮನೆಯ ವೈಫೈ ಪೆಟ್ಟಿಗೆಯ ಪಕ್ಕದಲ್ಲಿಟ್ಟು, ದಿನಕ್ಕೆ ನಾಲ್ಕು ಸಲ ಬಂದು ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿ ಹೋಗುತ್ತಿದ್ದಳು. ಕೇಳುತ್ತಿರಲಿಲ್ಲ, ಕೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

ಶನಿವಾರ ಬೆಳಿಗ್ಗೆ ಹೊರದೇಶದ ಆ ಹೆಂಗಸಿನ ಉತ್ತರ ಬಂದಿತ್ತು: ಕೇಳಿಕೊಂಡಿದ್ದಾಳೆ, ಕಂಪನಿ ಒಪ್ಪಿದೆ. ಫೋನಿನ ಅದೇ ಪುಟದ ತಳಕ್ಕೆ ಇಳಿದೆ. ನಿರ್ಬಂಧವಿಲ್ಲ ಎಂದಿತ್ತು. ಒಗ್ಗರಣೆ ಸೀದದ್ದು ವಾಸನೆ ಬಂದ ಮೇಲೆಯೇ ನನಗೆ ತಿಳಿದದ್ದು.

ಮಂದೆಗಳು ಹೋದ ದಾರಿಯಲ್ಲೇ ಸಾಗುವ ಹತ್ತು ಗಂಟೆಯ ಹೊಸದುರ್ಗದ ಬಸ್ಸಿನಲ್ಲಿ ರಂಗಮ್ಮನೂ ನಾನೂ ಕಿಟಕಿಗೆ ಮುಖವಿಟ್ಟು ಕುಳಿತಿದ್ದೆವು. ನನಗೆ ಎಲ್ಲ ಮಂದೆಗಳೂ ಒಂದೇ. ರಂಗಮ್ಮ ಎರಡನ್ನು ಬಿಟ್ಟು, ಮಾರಿಕಣಿವೆ ದಾಟಿದ ಮೇಲೆ ಮೂರನೆಯದಕ್ಕೆ, “ನಿಲ್ಸಪ್ಪ, ನಮ್ಮವು” ಎಂದಳು. ಕರಿಯಪ್ಪ ನಮ್ಮನ್ನು ಕಂಡು, ಯಾರು ಸತ್ತರು ಎಂಬಂತೆ ನಿಂತ. ಅವನ ಸಂಚಿಯಲ್ಲಿದ್ದ ಸಿಮ್ ಹಾಕಿದೆ, ಸಿಗ್ನಲಿನ ಕಡ್ಡಿಗಳು ಎದ್ದುನಿಂತವು. ಅವನು ನಂಬಲಿಲ್ಲ.

“ಪಕ್ಕದಾಗೆ ನಿಂತ್ರೆ ಯಾವ ಫೋನೂ ಕೇಳ್ತೈತೆ. ಆ ಕಡೆ ಹೋಗು” ಎಂದು ಹೆಂಡತಿಯನ್ನು ಮಂದೆಯಾಚೆಗೆ ಕಳಿಸಿದ. ಅವಳ ಹಿಂದೆ ನಾನೂ ನಡೆದೆ. ನಡುವೆ ಇನ್ನೂರು ಕುರಿ. ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ತನ್ನ ಬಟನ್ ಫೋನನ್ನು ಕಿವಿಗೊತ್ತಿಕೊಂಡು ಅವಳು. ಕುರಿ ಕರೆದು ಪಳಗಿದ ಗಂಟಲು ಅವನದು. ಒಂದೊಂದು ಮಾತೂ ಮೊದಲು ಗಾಳಿಯಲ್ಲಿ, ಕ್ಷಣ ಬಿಟ್ಟು ಫೋನಿನಲ್ಲಿ, ಹೀಗೆ ಎರಡೆರಡು ಸಲ ನನಗೆ ಕೇಳುತ್ತಿತ್ತು.

“ಕೇಳ್ಸತೈತಾ?”

“ಕೇಳ್ಸತೈತೆ. ಹೋದ್ ವರ್ಷ ಜ್ವರ ಬಂದಾಗ ಯಾರ್ತಾವನಾದ್ರೂ ಹೇಳಿ ಕಳಿಸ್ಬೋದಿತ್ತು.”

ವರ್ಷವಿಡೀ ಒಂದೇ ಸೂರಿನಡಿ ಇದ್ದೂ ಅವಳು ಕೇಳದೆ ಉಳಿದದ್ದು ಇದು. ಅವನು ಕೋಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡ.

“ಹೇಳಿ ಕಳಿಸಿದ್ರೆ ನೀನು ಬಂದ್ಬಿಡ್ತಿದ್ದೆ.”

ಅದೂ ಎರಡು ಸಲ ಬಂತು. ಎರಡನೆಯದು ಮುಗಿಯುವವರೆಗೆ ಕಾದು ರಂಗಮ್ಮ ಹೇಳಿದಳು:

“ಈಗ್ಲೂ ಬಂದೇ ನಿಂತಿದೀನಲ್ಲ.”