ಎಡಗಣ್ಣಿನ ಕೆಂಪು

ಕಣ್ಣಿನ ಡಾಕ್ಟರು ಒಂದು ಕೆಂಪು ಮುಚ್ಚಳ ಹಿಡಿದು, "ಎರಡೂ ಕಣ್ಣಿಗೆ ಒಂದೇ ಕೆಂಪು ಕಾಣ್ತದೇನ್ರಿ?" ಎಂದು ಕೇಳಿದಾಗ ನನಗೆ ನಗು ಬಂದಿತ್ತು. ಕೆಂಪು ಬಾಳೆ ಬೆಳೆಯುವ ಕಮಲಾಪುರದ ಮಗಳು ನಾನು, ನನಗೆ ಕೆಂಪಿನ ಪರೀಕ್ಷೆಯೇ? ಬಲಗಣ್ಣು ಮುಚ್ಚಿ ನೋಡಿದೆ. ಮುಚ್ಚಳ ಒಗೆದು ಒಗೆದು ಮಾಸಿದ ಸೀರೆಯಂತಿತ್ತು. ನಗು ಅಲ್ಲಿಗೇ ನಿಂತಿತು.

ರಕ್ತ ಮಂದವಾಗುವ ಅಪರೂಪದ ಕ್ಯಾನ್ಸರ್ ನನಗಿದೆ ಎಂಬುದು ಮೊದಲೇ ಗೊತ್ತಿತ್ತು. ಅದು ಎಡಗಣ್ಣಿನ ನರಕ್ಕೂ ಇಳಿದಿದೆ ಎಂಬುದು ಅಂದು ಗೊತ್ತಾಯಿತು. ಔಷಧಿ ಹಿಡಿದರೆ ಕೆಂಪು ಮರಳಬಹುದು, ಆದರೆ ಬಲಗಣ್ಣಿನಲ್ಲೂ ಮಾಸಿದರೆ ತಡಮಾಡದೆ ಬರಬೇಕು ಎಂದರು ಡಾಕ್ಟರು.

ಅಂದಿನಿಂದ ಜೇವರ್ಗಿ ಕಾಲೋನಿಯ ನಮ್ಮ ಮನೆಯೇ ನನಗೆ ಜೈಲು. ಒಲೆಯ ಹತ್ತಿರ ಹೋಗುವಂತಿಲ್ಲ, ಮೆಟ್ಟಿಲು ಇಳಿಯುವಂತಿಲ್ಲ. ಬಚ್ಚಲಿಗೆ ಹೋದರೂ ನಮ್ಮ ಮನೆಯವರು ಬಾಗಿಲ ಹೊರಗೆ ನಿಂತು ಕೆಮ್ಮುತ್ತಾರೆ. ಬೆಳಿಗ್ಗೆ ಎದ್ದರೆ ಅವರ ಕೈಯಲ್ಲಿ ನನ್ನದೇ ಕೆಂಪು ಕುಪ್ಪಸ, "ಈಗ ಹೆಂಗದ?" ಎಂಬ ಪ್ರಶ್ನೆ. ಎಡದ್ದು ಮಾಸಲು, ಬಲದ್ದು ಕೆಂಪು. ದಿನಾ ಅದೇ ಉತ್ತರ, ದಿನಾ ಅವರ ಅದೇ ಬಾಡಿದ ಮುಖ. ಆ ಪ್ರೀತಿಗೆ ಕೈಮುಗಿಯಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯದೆ ಸಿಡಿಮಿಡಿಗೊಳ್ಳುತ್ತಿದ್ದೆ.

ಒಂದು ದಿನ ಹಟ ಹಿಡಿದು ಕಮಲಾಪುರಕ್ಕೆ, ಅಣ್ಣನ ಮನೆಗೆ ಹೊರಟೆ. ಇವರೂ ಬಂದರು ಅನ್ನಿ. ಹೊರಡುವ ಗಡಿಬಿಡಿಯಲ್ಲಿ ಕುಪ್ಪಸದ ಪರೀಕ್ಷೆ ತಪ್ಪಿತ್ತು. ಅಲ್ಲಿ ಕೂತ ಕೂಡಲೇ ಅಣ್ಣ ಕೆಂಪು ಬಾಳೆಯ ಗೊನೆಯಿಂದ ಹಣ್ಣೊಂದು ಮುರಿದು ಮುಂದೆ ಹಿಡಿದ. ಒಂದು ಕಣ್ಣು ಮುಚ್ಚಿದೆ, ಆಮೇಲೆ ಇನ್ನೊಂದು.

"ಎರಡೂ ಒಂದೇ ಕಾಣಾಕತ್ತದ," ಎಂದೆ.

ಮನೆ ತುಂಬ ಗದ್ದಲ. ಅಣ್ಣನ ಹೆಂಡತಿ, ನಮ್ಮ ವೈನಿ, ನನ್ನ ಬಾಯಿಗೆ ಸಕ್ಕರೆ ಹಾಕಿದರು. ಇವರು ಮಗಳಿಗೆ ಫೋನು ಹಚ್ಚಿ, "ನಿಮ್ಮವ್ವನ ಕಣ್ಣು ಬಂತು ನೋಡವ್ವ!" ಎಂದು ಕೂಗಿದರು. ಅವರು ಹಾಗೆ ನಕ್ಕದ್ದನ್ನು ಎಷ್ಟೋ ತಿಂಗಳಿಂದ ಕಂಡಿರಲಿಲ್ಲ. ನಾನೂ ನಕ್ಕೆ. ಆದರೆ ಹಣ್ಣು ಯಾಕೋ ಮಣ್ಣಿನ ಬಣ್ಣ ಅನ್ನಿಸಿತು. ಹಳೆಯದಿರಬೇಕು ಎಂದುಕೊಂಡೆ.

"ವೈನಿ, ಈ ಹಣ್ಣು ಬಾಡ್ಯದೇನು?" ಎಂದು ಮೆಲ್ಲಗೆ ಕೇಳಿದೆ.

"ಏ, ಎಲ್ಲಿ ಬಾಡ್ಯದ! ಎಷ್ಟು ಚಂದ ಕೆಂಪಗದ ನೋಡು."

ಬಾಯಲ್ಲಿ ಸಕ್ಕರೆ ಇನ್ನೂ ಕರಗಿರಲಿಲ್ಲ. ಎದ್ದು ಹೋಗಿ ನಮ್ಮ ಮನೆಯವರ ತೋಳು ಹಿಡಿದೆ. ಫೋನಿನಲ್ಲಿ ಮಗಳು ನಗುತ್ತಿರುವುದು ಕೇಳುತ್ತಿತ್ತು.

"ಫೋನ್ ಇಡ್ರಿ. ಎಡಗಣ್ಣು ಬಂದಿಲ್ಲ, ಬಲಗಣ್ಣೂ ಹಂಗೇ ಆಗ್ಯದ. ದವಾಖಾನಿಗಿ ನಡೀರಿ."