ಗುಳಿ ಇಲ್ಲದ ತಗಡು

ಅಣ್ಣ ಹಣೆತುಂಬ ಕುಂಕುಮ ಬಳಿದುಕೊಂಡು ಮುಂದಿನ ಅಂಗಡಿಯಲ್ಲಿ ಕೂರುತ್ತಿದ್ದ. ತಂಗಿ ಹಿಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ ಬೆನ್ನು ಬಾಗಿಸಿ, ತಾಮ್ರದ ತಗಡಿನ ಮೇಲೆ ಶ್ರೀಚಕ್ರ ಕೊರೆಯುತ್ತಿದ್ದಳು. ಮೂವತ್ತೈದು ವರ್ಷ ನಡೆದದ್ದು ಇದೇ.

ಒಂಬತ್ತು ದೊಡ್ಡ ತ್ರಿಕೋನಗಳು ಒಂದನ್ನೊಂದು ಹಾಯ್ದು ನಲವತ್ತಮೂರು ಸಣ್ಣ ತ್ರಿಕೋನಗಳಾಗಬೇಕು. ಮೂರು ಗೆರೆ ಕೂಡುವಲ್ಲಿ ಕೂದಲೆಳೆಯಷ್ಟು ತಪ್ಪಿದರೂ ತಗಡು ಗುಜರಿಗೆ. ಒಂದೊಂದಕ್ಕೂ ಅವಳ ಕಣ್ಣು ತಿಂಗಳುಗಟ್ಟಲೆ ಸವೆಯುತ್ತಿತ್ತು. ನಟ್ಟನಡುವಿನ ಬಿಂದು ಮಾತ್ರ ಅಣ್ಣನದು. ಸ್ನಾನ ಮಾಡಿ, ಮಡಿಯುಟ್ಟು, ಗಿರಾಕಿಯ ಕಣ್ಣೆದುರೇ ಚೂಪು ಮೊಳೆಯಿಟ್ಟು ಸುತ್ತಿಗೆಯಿಂದ ಒಂದೇ ಏಟು. ದೇವಿ ನೆಲೆಸುವ ಜಾಗಕ್ಕೆ ಹೆಂಗಸಿನ ಕೈ ಸೋಕಬಾರದೆಂದು ಅಪ್ಪ ಕಟ್ಟಳೆ ಮಾಡಿ ಸತ್ತಿದ್ದ. ದೇವಿಯೇನು ಗಂಡಸಾ ಎಂದು ಕೇಳುವವರು ಆ ಮನೆಯಲ್ಲಿ ಹುಟ್ಟಿರಲಿಲ್ಲ.

ಈ ಸಲ ಕಣ್ಣಿನ ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು, ಇನ್ನು ಇಂಥ ಸಣ್ಣ ಕೆಲಸ ಸಾಕು ಎಂದು. ಎದುರಿಗಿದ್ದ ಖಾಲಿ ತಗಡೇ ಕೊನೆಯದು.

“ಅಣ್ಣಾ, ಇದೊಂದಕ್ಕೆ ಬಿಂದು ನಾನಿಡ್ತೀನಿ.”

“ಮುದುಕಿಯಾಗೋ ಹೊತ್ತಿಗೆ ಇದೇನೇ ಹೊಸ ಹುಚ್ಚು? ಗಿರಾಕಿಗೆ ಗೊತ್ತಾದ್ರೆ ಅಂಗಡಿಗೆ ಬೀಗ ಜಡೀಬೇಕಾಗತ್ತೆ.”

“ಗಿರಾಕಿಗೆ ಯಾಕೆ ಹೇಳ್ತೀಯ?”

“ದೇವಿಗೆ ಗೊತ್ತಾಗಲ್ವಾ?”

ಅವಳಿಗೆ ನಗು ಬಂತು. ತ್ರಿಕೋನಗಳ ಸುತ್ತ ವೃತ್ತ ಎಳೆಯಬೇಕಾದರೆ ಕೈವಾರದ ಮೊನೆಯನ್ನು ಮೊಟ್ಟಮೊದಲು ಊರುವುದೇ ನಡುವಿನಲ್ಲಿ. ಆ ಮೊನೆ ಬಿಟ್ಟ ಸಣ್ಣ ಗುಳಿಯಲ್ಲೇ ಅಣ್ಣ ಇಷ್ಟು ವರ್ಷ ಮೊಳೆ ಕೂರಿಸಿದ್ದು. ದೇವಿಯ ಜಾಗ ಗುರುತಿಸಿದ ಕೈ ಯಾರದೆಂದು ಅವನು ಒಮ್ಮೆಯೂ ಯೋಚಿಸಿರಲಿಲ್ಲ.

ಈ ತಗಡಿಗೆ ಮೊನೆ ತಾಕದಂತೆ ನಡುವಿಗೆ ಗಟ್ಟಿ ರಟ್ಟಿನ ಚೂರು ಅಂಟಿಸಿ ಅದರ ಮೇಲೆ ಕೈವಾರ ಊರಿದಳು. ಎರಡು ಮೂರು ತಿಂಗಳ ಮೇಲೆ ಕೆಲಸ ಮುಗಿಸಿ ರಟ್ಟು ಕಿತ್ತಾಗ ತಾಮ್ರ ನುಣ್ಣಗೆ ಹೊಳೆಯಿತು. ಗುಳಿಯ ಸುಳಿವೇ ಇಲ್ಲ.

ಗಿರಾಕಿ ಬಂದ ದಿನ ಅವಳು ಬಾಗಿಲ ಸಂದಿಯಲ್ಲಿ ನಿಂತಳು. ಅಣ್ಣನ ಮೊಳೆ ಗುಳಿಗಾಗಿ ತಡವರಿಸಿತು. ಸಿಗಲಿಲ್ಲ. ಹಣೆಯ ಕುಂಕುಮ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿಯಿತು. ಈಗ ಕರೆಯುತ್ತಾನೆ, ಬಾರೇ ತಂಗಿ ಅನ್ನುತ್ತಾನೆ ಎಂದು ಅವಳು ಕಾದಳು.

ಅವನು ಕರೆಯಲಿಲ್ಲ, ಹೊಡೆದ. ಬಿಂದು ಒಳಗಿನ ತ್ರಿಕೋನದ ಗೆರೆಯ ಮೇಲೆ ಹೋಗಿ ಕೂತಿತು.

“ಸ್ವಲ್ಪ ಪಕ್ಕಕ್ಕೆ ಬಿತ್ತಲ್ವಾ?” ಎಂದ ಗಿರಾಕಿ.

“ದೇವಿ ತಾನೇ ಜಾಗ ಆರಿಸ್ಕೊಂಡಿದ್ದಾಳೆ ಸ್ವಾಮಿ! ಲಕ್ಷಕ್ಕೊಂದು ಹೀಗಾಗೋದು. ನಿಮ್ಮ ಪುಣ್ಯ.”

ಗಿರಾಕಿ ತಗಡನ್ನು ಕಣ್ಣಿಗೊತ್ತಿಕೊಂಡ. ಅಣ್ಣನ ಕೈಯನ್ನೂ ಕಣ್ಣಿಗೊತ್ತಿಕೊಂಡ.

ಅವನು ಅತ್ತ ಹೋದದ್ದೇ ತಡ, ಅಣ್ಣ ಒಳಗೆ ನುಗ್ಗಿದ. “ಗುಳಿ ಯಾಕೆ ಇಡ್ಲಿಲ್ವೇ?”

“ಹೆಂಗಸಿನ ಕೈ ಅಲ್ವೇನಣ್ಣಾ, ಸೋಕಬಾರದಲ್ಲ.”

ಅಣ್ಣ ಮೂಗಿನ ಮೇಲಿನ ಕುಂಕುಮ ಒರೆಸಿಕೊಂಡು ಅಂಗಡಿಗೆ ಹಿಂದಿರುಗಿದ. ಹೇಗೂ ತಗಡು ಮಾರಾಟವಾಗಿತ್ತು.

ಅದೀಗ ಯಾರದೋ ದೇವರ ಕೋಣೆಯಲ್ಲಿದೆ. ದಿನಾ ಅದರ ಮೇಲೆ ಹಿಡಿ ಹಿಡಿ ಕುಂಕುಮ ಸುರಿಯುತ್ತಾರೆ. ಅಣ್ಣನ ತಪ್ಪು ಅದರಡಿ ಕ್ಷೇಮವಾಗಿದೆ. ಅವಳ ನಲವತ್ತಮೂರು ತ್ರಿಕೋನಗಳೂ ಅಲ್ಲೇ ಹೂತುಹೋಗಿವೆ.